ನವಣೆ ಮಾಲ್ಟ್ ಸಿಹಿ ಕಡಿಮೆಯಾಗಿದೆ, ಯಾಕೆಂದರೆ...

ಮಾನ್ಯ ಗ್ರಾಹಕರೇ,

ಈ ತಿಂಗಳ ನವಣೆ ಮಾಲ್ಟ್ ಪುಡಿ ನಿಮಗೆ ತುಸು ಸಪ್ಪೆ ಅನ್ನಿಸಬಹುದು. ನವಣೆ ಹೊಸದುರ್ಗ ಕಡೆಯ ರೈತರದ್ದೇ, ಹುರಿಯುವ ಹದವೂ ಹಳೆಯದೇ. ಬದಲಾಗಿರುವುದು ಅದಕ್ಕೆ ಬೆರೆಸುವ ನಾರು ಮಾತ್ರ.

ಇಲ್ಲಿಯವರೆಗೆ ಹಾಕುತ್ತಿದ್ದುದು ಎಫ್‌ಓಎಸ್ ಎಂಬ ಪ್ರಿಬಯಾಟಿಕ್ ಸಕ್ಕರೆ, ಅಂದರೆ ನಮಗೆ ಅರಗದೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ನಾರು. ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಯ ಹತ್ತಕ್ಕಿಂತ ಕಡಿಮೆ ಕೊಂಡಿಗಳ ಗಿಡ್ಡ ಸರಪಳಿ, ನಾಲಿಗೆಗೆ ಸ್ವಲ್ಪ ಸಿಹಿ. ನಮ್ಮ ಚಿತ್ರದುರ್ಗದ ಈರುಳ್ಳಿಯಲ್ಲೂ ಇದೇ ಜಾತಿಯ ಸಕ್ಕರೆ ಇದೆ. ಈಗ ಅದರಲ್ಲಿ ಅರ್ಧ ತೆಗೆದು ಚಿಕೋರಿ ಬೇರಿನ ಇನ್ಯುಲಿನ್ ಹಾಕಿದ್ದೇವೆ. ಅದೂ ಫ್ರಕ್ಟೋಸ್ ಸರಪಳಿಯೇ, ಆದರೆ ಸುಮಾರು 60 ಕೊಂಡಿಗಳವರೆಗೂ ಉದ್ದ, ಸಿಹಿ ಇಲ್ಲವೆಂದೇ ಹೇಳಬೇಕು. (ಕಾಫಿಪುಡಿಯ ಚಿಕೋರಿಯೂ ಇದೇ ಬೇರು. ಆದರೆ ಹುರಿಯುವಾಗ ಇನ್ಯುಲಿನ್ ಸಾಕಷ್ಟು ಒಡೆದುಹೋಗುತ್ತದೆ. ಕಾಫಿಯೇ ಸಾಕಲ್ಲ ಅನ್ನಬೇಡಿ!)

ಈ ಎರಡನ್ನೂ ಅರಗಿಸುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ತಿನ್ನುವ ರೀತಿ ಮಾತ್ರ ಒಂದೊಂದಕ್ಕೂ ಬೇರೆ. ಬಿಫಿಡೋಬ್ಯಾಕ್ಟೀರಿಯಾ ಎಂಬ ಗುಂಪು ಗಿಡ್ಡ ತುಂಡನ್ನು ಇಡಿಯಾಗಿ ಒಳಗೆಳೆದುಕೊಂಡು ಆಮೇಲೆ ಒಡೆಯುತ್ತದೆ, ಊಟದ ಬುತ್ತಿ ಕಟ್ಟಿಸಿಕೊಂಡು ಮನೆಗೆ ಹೋಗಿ ಉಣ್ಣುವವರ ಹಾಗೆ. ಉದ್ದ ಸರಪಳಿ ಅವುಗಳಲ್ಲಿ ಹೆಚ್ಚಿನವಕ್ಕೆ ಬಗ್ಗುವುದಿಲ್ಲ. ಬ್ಯಾಕ್ಟೀರಾಯ್ಡಿಸ್ ಗುಂಪಿನ ಕೆಲವು ಅದನ್ನು ಹೊರಗೇ ಕತ್ತರಿಸುತ್ತವೆ, ಉದುರಿದ ಚೂರು ಅಕ್ಕಪಕ್ಕದವಕ್ಕೂ ಸಿಗುತ್ತದೆ. ಆ ಗುಂಪಿನಲ್ಲೂ ಎಲ್ಲಕ್ಕೂ ಇದು ಬರುವುದಿಲ್ಲ: ಓವೇಟಸ್ ಜಾತಿ ಇನ್ಯುಲಿನ್ ಮೇಲೆ ಚೆನ್ನಾಗಿ ಬೆಳೆಯುತ್ತದೆ, ಅದರ ದಾಯಾದಿಗಳಲ್ಲಿ ಕೆಲವಕ್ಕೆ ಅದು ಒಗ್ಗದು. ಬಿಫಿಡೋ ಉಂಡು ಬಿಟ್ಟ ಆಮ್ಲಗಳಾದ ಅಸಿಟೇಟ್, ಲ್ಯಾಕ್ಟೇಟ್‌ಗಳನ್ನು ಇನ್ನು ಕೆಲವು ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಇನ್ನೊಂದು ಆಮ್ಲವಾಗಿ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ.

ಗಿಡ್ಡ ಸರಪಳಿ ದೊಡ್ಡ ಕರುಳಿನ ಆರಂಭದಲ್ಲೇ ಬೇಗ ಹುದುಗಿ ಖಾಲಿಯಾಗುತ್ತದೆ, ಉದ್ದದ್ದು ನಿಧಾನವಾಗಿ ಹುದುಗುತ್ತ ಮುಂದಿನವರೆಗೂ ಹೋಗುತ್ತದೆ. ಎರಡೂ ಇದ್ದರೆ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳಿಗೆ ಪಾಲು ಸಿಗುತ್ತದೆ ಎಂಬುದೇ ನಮ್ಮ ಲೆಕ್ಕಾಚಾರ. ಯಾರ ಹೊಟ್ಟೆಯಲ್ಲಿ ಯಾವ ಜಾತಿ ಎಷ್ಟಿದೆ ಎನ್ನುವುದರ ಮೇಲೆ ಪರಿಣಾಮವೂ ಬೇರೆಯಾಗುತ್ತದೆ. ಹಾಗಾಗಿ "ಎಲ್ಲರಿಗೂ ಒಗ್ಗುತ್ತದೆ" ಎಂದು ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿಲ್ಲ.

ಇನ್ಯುಲಿನ್ ತಣ್ಣೀರಲ್ಲಿ ಸರಿಯಾಗಿ ಕರಗದೆ ತಳಕ್ಕೆ ಕೂರುತ್ತದೆ, ಬಿಸಿ ನೀರಲ್ಲೇ ಕಲಸಿ. ಹೊಸಬರು ಒಂದು ಚಮಚದಿಂದ ಶುರು ಮಾಡಿ, ಹೊಟ್ಟೆ ಉಬ್ಬರಿಸಿದರೆ ಕಡಿಮೆ ಮಾಡಿ. ಈರುಳ್ಳಿ, ಬೆಳ್ಳುಳ್ಳಿ ತಿಂದರೇ ಹೊಟ್ಟೆ ಕೆಡುವವರು ಡಾಕ್ಟರನ್ನು ಕೇಳಿ ತಗೊಳ್ಳಿ. ಶುಗರ್ ಇರುವವರೇ, ಈ ನಾರು ರಕ್ತದ ಸಕ್ಕರೆ ಏರಿಸುವುದಿಲ್ಲ ನಿಜ, ಆದರೆ ನವಣೆಯ ಪಿಷ್ಟ ಏರಿಸುತ್ತದೆ, ಅಳತೆ ಬಿಡಬೇಡಿ.

ಬೆಲೆ ಅಷ್ಟೇ ಇದೆ. ಹಳೆಯ ರುಚಿಯೇ ಬೇಕೆನ್ನುವವರು ಒಂದು ಚೂರು ಬೆಲ್ಲ ಹಾಕಿಕೊಳ್ಳಿ. ಅಂಗಡಿಯಲ್ಲಿ ಹಳೇ ಪ್ಯಾಕೆಟ್ ಸಿಕ್ಕರೆ ತಾರೀಖು ನೋಡಿ ಬಳಸಬಹುದು, ವಾಪಸ್ ತರಬೇಕಿಲ್ಲ.

ಇಂತಿ,
ಕಾರ್ಯದರ್ಶಿ
ಸಿರಿಧಾನ್ಯ ಬೆಳೆಗಾರರ ಸಹಕಾರ ಸಂಘ, ಚಿತ್ರದುರ್ಗ