ಸುಸ್ತು ಎಂದರೆ ಬರೀ ಟೆನ್ಷನ್ ಅಲ್ಲ

ಮಾನ್ಯ ಸಂಪಾದಕರೇ,

ಥೈರಾಯ್ಡ್ ತೊಂದರೆ ಇರಬಹುದಾ ಎಂದು ರೋಗಿ ಕೇಳಿದರೆ ಎಷ್ಟೋ ವೈದ್ಯರು ಕಿವಿಗೇ ಹಾಕಿಕೊಳ್ಳುವುದಿಲ್ಲ. ನನ್ನ ತಂಗಿಗೂ ಹಾಗೇ ಆಯಿತು. ಎಲ್ಲರೂ ಫ್ಯಾನ್ ಕೆಳಗೆ ಕೂತಿದ್ದರೆ ಅವಳು ಸ್ವೆಟರ್ ಹಾಕಿಕೊಳ್ಳುತ್ತಿದ್ದಳು. ದನಿ ಗೊಗ್ಗರಾಗಿತ್ತು, ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು, ಮುಟ್ಟಿನ ಸ್ರಾವ ಜಾಸ್ತಿಯಾಗಿತ್ತು. ‘ಟೆನ್ಷನ್ ಬಿಡಿ, ತೂಕ ಇಳಿಸಿ’ ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಕೊಲೆಸ್ಟ್ರಾಲ್ ಏರಿದ್ದಕ್ಕೆ ಎಣ್ಣೆ ಬಿಡಿ ಎಂದರು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೂ ಕೊಲೆಸ್ಟ್ರಾಲ್ ಏರುತ್ತದೆ, ಇದು ವೈದ್ಯರಿಗೆ ಗೊತ್ತಿರುವುದೇ ಅಲ್ವಾ? ಕೊನೆಗೆ ಬೇರೊಬ್ಬ ವೈದ್ಯೆ ಅವಳ ಕತ್ತು ಮುಟ್ಟಿ ನೋಡಿ, ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ ಬರೆದರು. ಒಂದು ಸಾದಾ ರಕ್ತಪರೀಕ್ಷೆ, ಅಷ್ಟೇ.

ದೇಹವೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದು ಈ ಹಾರ್ಮೋನ್ ಕಡಿಮೆ ಮಾಡುವ ಹಶಿಮೊಟೊ ಕಾಯಿಲೆಯನ್ನು 1912ರಲ್ಲೇ ವಿವರಿಸಿದ್ದಾರೆ. ಹೊಸದೇನಲ್ಲ. ಸುಸ್ತಿಗೆಲ್ಲ ಥೈರಾಯ್ಡೇ ಕಾರಣ ಎನ್ನುತ್ತಿಲ್ಲ, ರಕ್ತಹೀನತೆಯೂ ಇರಬಹುದು. ಆದರೆ ಪರೀಕ್ಷೆಯನ್ನೇ ಮಾಡಿಸದೆ ಸುಮ್ನೆ ಮನಸ್ಸಿನ ಮೇಲೆ ಹಾಕಬೇಡಿ.

ರೋಗಿಗಳಿಗೂ ಒಂದು ಮಾತು. ಯಾವ ಲಕ್ಷಣ ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿಗೆ ಥೈರಾಯ್ಡ್ ಇದೆ ಎಂದು ಬರೆದುಕೊಂಡು ಹೋಗಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮೊದಲೇ ಹೇಳಿ. ಅದರಿಂದ ರಿಪೋರ್ಟೇ ತಪ್ಪಾಗಿ ಬರಬಹುದು.

– ಒಬ್ಬ ಓದುಗ