ರೆಮ್ಮವ್ವೆಯ ಹಾಡಿಗೆ ಜೊತೆಯಾದವರಿಗೆ

‘ಕದಿರೆ ರೆಮ್ಮವ್ವೆ’ ಸಂಗೀತ ನಾಟಕದ ಮೊದಲ ಪ್ರಯೋಗ ಮುಗಿಯಿತು. ಅವತ್ತಿನಿಂದ ಫೋನು, ಮೆಸೇಜು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ವಚನ ಅಂದ ಕೂಡಲೇ ನಮಗೆ ನೆನಪಾಗುವ ಹೆಣ್ಣು ಅಕ್ಕಮಹಾದೇವಿ. ಆದರೆ ವಚನ ಕಟ್ಟಿದ ಶರಣೆಯರು 30ಕ್ಕೂ ಹೆಚ್ಚು. ಅವರಲ್ಲಿ ರೆಮ್ಮವ್ವೆ 12ನೇ ಶತಮಾನದವಳು, ನೂಲುವ ಕಾಯಕದವಳು. ಕದಿರು ಅಂದರೆ ರಾಟೆಯಲ್ಲಿ ನೂಲು ಸುತ್ತಿಕೊಳ್ಳುವ ಕಡ್ಡಿ. ನಮಗೆ ಸಿಕ್ಕಿರುವುದು ಅವಳ ನಾಲ್ಕೇ ವಚನ. ಇಷ್ಟು ಇಟ್ಟುಕೊಂಡು ನಾಟಕ ಹೇಗೆ ಮಾಡುತ್ತೀಯ ಎಂದು ಕೇಳಿದವರು ಬಹಳ ಜನ. ‘ನಾ ತಿರುಹುವ ರಾಟೆಯ ಕುಲಜಾತಿಯ ಕೇಳಿರಣ್ಣಾ’ ಎಂಬ ಒಂದು ಸಾಲು ಸಾಕಾಗಿತ್ತು ನನಗೆ. ಕುಲ ಯಾವುದು ಎಂದು ಕೇಳುವ ಲೋಕದ ಎದುರು ಅವಳು ತನ್ನ ರಾಟೆಯ ಕುಲ ಹೇಳುತ್ತಾಳೆ. ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ. ಎಂಥ ಧೈರ್ಯ, ಅಲ್ವಾ?

ವಚನಗಳ ತಾಳೆಗರಿ ಹುಡುಕುತ್ತಾ ಮನೆಮನೆ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರಿಗೆ ಮೊದಲ ನಮಸ್ಕಾರ. ಅವರು ತೆರೆದ ದಾರಿಯಲ್ಲೇ ನಮ್ಮಂಥವರು ರೆಮ್ಮವ್ವೆಯ ತನಕ ಬಂದಿದ್ದೇವೆ.

ಇನ್ನು ನಮ್ಮ ಹಾರ್ಮೋನಿಯಂ (ಪೇಟಿ) ಮಾಸ್ತರು. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಕಂಪನಿ ನಾಟಕಗಳಲ್ಲಿ ಬೆರಳು ಪಳಗಿಸಿದವರು. ರಾಟೆಯ ಹಾಡು ಶುರು ಮಾಡುವ ಮೊದಲು ನೂಲುವ ಅಜ್ಜಿಯೊಬ್ಬರ ಪಕ್ಕ ಹೋಗಿ ಕೂತರು. ಸುಮ್ನೆ ನೋಡಿದರು, ಕೇಳಿದರು. ಬಂದವರೇ, “ತಂಗಿ, ರಾಟಿ ಒಂದ ಸವನ ತಿರಗೂದಿಲ್ಲ. ಎಳಿ ಜಗ್ಗೂಮುಂದ ತಿರಗತೈತಿ. ಆಮ್ಯಾಲ ನಿಂದರತೈತಿ, ಚೂರು ಹಿಂದಕ್ಕ ಬರತೈತಿ, ಆಮ್ಯಾಲ ನೂಲು ಸುತಗೋತೈತಿ” ಎಂದರು. ಆ ನಿಲುಗಡೆಯನ್ನೇ ತಾಳದೊಳಗೆ ತಂದರು. ಇಡೀ ನಾಟಕದ ಉಸಿರಾಟ ಅಲ್ಲಿಂದ ಬಂತು.

ಆಸ್ಪತ್ರೆಯ ಆ ರಾತ್ರಿಯ ವಿಷಯ ನಿಮಗೆಲ್ಲ ಗೊತ್ತು. ಅವ್ವ ಒಳಗೆ, ನಾನು ಹೊರಗೆ. ಬಂದವರು ಬಂದು ಹೋದರು. ಮಾಸ್ತರು ಹೋಗಲಿಲ್ಲ. ಎಲ್ಲಾ ಸರಿಹೋಗುತ್ತದೆ ಎಂದು ಒಮ್ಮೆಯೂ ಹೇಳಲಿಲ್ಲ. ನನ್ನ ಕೈಗೆ ಚಹಾ ಕೊಟ್ಟರು, ಕುಡಿಯುವ ತನಕ ನೋಡುತ್ತಾ ಕೂತರು. ಬೆಳಗಿನ ಜಾವ ನನ್ನಿಂದ ತಡೆಯಲು ಆಗಲಿಲ್ಲ. ನಾಟಕ ಬೇಡ, ಹಾಡು ಬೇಡ, ಏನೂ ಬೇಡ ಎಂದು ಅಲ್ಲೇ ಕೂಗಿಬಿಟ್ಟೆ. ಅವರು ತಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಆ ವಚನದ ಕಡೀ ಸಾಲು ಒಮ್ಮೆ ಹೇಳವಾ” ಎಂದರು. ಹೇಳಿದೆ. ಕದಿರು ತುಂಬಿತ್ತು, ರಾಟೆಯ ತಿರುಹಲಾರೆ ಎನ್ನುವ ಕಡೆ ನನ್ನ ಗಂಟಲು ಕಟ್ಟಿತು. ಮಾಸ್ತರು ತೊಡೆಯ ಮೇಲೆ ಬೆರಳಿನಿಂದ ರಾಟೆಯ ತಾಳ ಹಾಕುತ್ತಿದ್ದರು. ಅಲ್ಲಿಗೆ ಬಂದು ನಿಲ್ಲಿಸಿದರು. “ಇಲ್ಲಿ ಪೇಟಿ ಬ್ಯಾಡ. ಹಾಡೂ ಬ್ಯಾಡ. ರಾಟಿ ನಿಂದರಲಿ, ಸಾಕು.” ನೀವೆಲ್ಲ ನೋಡಿದ ಕೊನೆಯ ದೃಶ್ಯ ಅದೇ.

ಅವ್ವನ ಬಗ್ಗೆ ಇಲ್ಲಿ ಜಾಸ್ತಿ ಬರೆಯಲಾರೆ. ಅವಳು ಇಲ್ಲದ ಮನೆಯಲ್ಲಿ ಈಗಲೂ ಸಂಜೆ ಹೊತ್ತು ಕಷ್ಟ. ನಾನು ತಾಲೀಮಿಗೆ ಬರದ ಅಷ್ಟೂ ದಿನ ಮಾಸ್ತರೇ ಹುಡುಗಿಯರನ್ನು ಕೂರಿಸಿಕೊಂಡು ಹಾಡು ತಿದ್ದಿದರು. ಯಾವತ್ತು ಬರುತ್ತೀಯ ಎಂದು ಕೇಳಲಿಲ್ಲ. ನಾನು ಹೋದ ದಿನ ಕುರ್ಚಿ ಸರಿಸಿ, “ಕುಂದರು, ಎರಡನೇ ಹಾಡು ಕೇಳು” ಎಂದರು. ನನ್ನನ್ನು ನನ್ನ ಕೆಲಸಕ್ಕೆ ಮರಳಿ ಕರೆದದ್ದು ಆ ಮಾತು.

ರೆಮ್ಮವ್ವೆಯಾಗಿ ಹಾಡಿದ ಹುಡುಗಿಗೆ, ಮೇಳದ ಎಲ್ಲರಿಗೆ, ರಾಟೆ ಮಾಡಿಕೊಟ್ಟ ಬಡಿಗೇರ ಅಣ್ಣನಿಗೆ, ಬೆಳಕು, ಬಟ್ಟೆ, ಪರದೆ ನೋಡಿಕೊಂಡವರಿಗೆ, ಹಣ ಹೊಂದಿಸಿಕೊಟ್ಟ ಗೆಳೆಯರಿಗೆ, ನಿಂತುಕೊಂಡೇ ನಾಟಕ ನೋಡಿದವರಿಗೆ ನಾನು ಋಣಿ.

ಮುಂದಿನ ಪ್ರಯೋಗದ ಪೋಸ್ಟರ್ ತಯಾರಾಗುತ್ತಿದೆ. ಮಾಸ್ತರ, ಇಲ್ಲಿ ನಿಮ್ಮ ಮಾತು ಕೇಳಿದ್ದೇನೆ, ಅಲ್ಲಿ ಕೇಳುವುದಿಲ್ಲ. ಸಂಗೀತ ಎಂಬ ಕಡೆ ನಿಮ್ಮ ಹೆಸರೇ ಇರುತ್ತದೆ, ದೊಡ್ಡ ಅಕ್ಷರದಲ್ಲಿ. ಶರಣು ಶರಣಾರ್ಥಿ.