ಒಂದೇ ಮಾಡೆಲ್‌ನ ಎರಡು ಗೇಮ್‌ಪ್ಯಾಡ್, ಎರಡು ಥರದ ಲೆಕ್ಕ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಯುಎಸ್‌ಬಿ ಗೇಮ್‌ಪ್ಯಾಡ್ ಬದಲಿಸಿಕೊಡುವ ಮತ್ತು ಅದರ ಪ್ರಾಡಕ್ಟ್ ಐಡಿ ಸರಿಪಡಿಸುವ ಬಗ್ಗೆ

ಮಾನ್ಯರೇ,

ನಾನು ಮೈಸೂರಿನಲ್ಲಿ ಸಣ್ಣಪುಟ್ಟ ಗೇಮ್ ಮಾಡುವವನು. ಪೈಥಾನ್ ಭಾಷೆಯಲ್ಲಿ ಗೇಮ್ ಮಾಡಲು ಬಳಸುವ ಪೈಗೇಮ್‌ನಲ್ಲಿ ಕೋಡ್ ಬರೆಯುತ್ತೇನೆ. ಹೋದ ವರ್ಷ ನಿಮ್ಮ ಗೇಮ್‌ಪ್ಯಾಡ್ ತಗೊಂಡೆ, ಚೆನ್ನಾಗಿತ್ತು. ಅದೇ ನಂಬಿಕೆಯಲ್ಲಿ ಎರಡನೇ ಆಟಗಾರನಿಗೆ ಅಂತ ಈ ತಿಂಗಳು ಅದೇ ಮಾಡೆಲ್ ಇನ್ನೊಂದು ತರಿಸಿದೆ. ಡಬ್ಬಿ ಅದೇ, ಮಾಡೆಲ್ ನಂಬರ್ ಅದೇ. ಒಳಗಿನದು ಮಾತ್ರ ಬೇರೆ.

ಹೊಸದನ್ನು ಸಿಕ್ಕಿಸಿದ ಕೂಡಲೇ ಆಟದ ಕ್ಯಾಮೆರಾ ತಾನಾಗೇ ಎಡಕ್ಕೆ ಗಿರಗಿರ ಸುತ್ತತೊಡಗಿತು. ಸ್ಟಿಕ್ಕನ್ನು ಯಾರೂ ಮುಟ್ಟಿರಲಿಲ್ಲ. ಸ್ಟಿಕ್ ಮುಂತಾದವು ಎಷ್ಟು ಸರಿದಿವೆ ಅಂತ ಹೇಳುವ ಆಕ್ಸಿಸ್‌ಗಳು ಕೊಡುವ ಅಂಕಿಗಳನ್ನು ಪರದೆ ಮೇಲೆ ಪ್ರಿಂಟ್ ಮಾಡಿ ನೋಡಿದೆ. ಹಳೆಯದರಲ್ಲಿ 2ನೇ ಆಕ್ಸಿಸ್ ಅಂದರೆ ಬಲಗಡೆ ಸ್ಟಿಕ್‌ನ ಅಡ್ಡ ಚಲನೆ. ಕೈಬಿಟ್ಟರೆ 0.0 ಹತ್ತಿರ ಬಂದು ನಿಲ್ಲುತ್ತದೆ, ಪೂರ್ತಿ ಎಡಕ್ಕೆ ತಳ್ಳಿದರೆ -1.0. ಹೊಸದರಲ್ಲಿ ಅದೇ 2ನೇ ಆಕ್ಸಿಸ್ ಎಡಗಡೆ ಟ್ರಿಗರ್ (ಪ್ಯಾಡಿನ ಅಂಚಿನಲ್ಲಿ ಬೆರಳಿಂದ ಒತ್ತುವ ಗುಂಡಿ). ಒತ್ತದೇ ಇದ್ದಾಗ ಅದು ತೋರಿಸುವುದು -1.0, ಪೂರ್ತಿ ಒತ್ತಿದರೆ 1.0. ಹಾಗಾಗಿ ಯಾರೋ ಬಲ ಸ್ಟಿಕ್ಕನ್ನು ಕೊನೆತನಕ ಎಡಕ್ಕೆ ತಳ್ಳಿ ಹಿಡಿದಿದ್ದಾರೆ ಅಂತಲೇ ಪ್ರೋಗ್ರಾಂ ತಿಳಿದುಕೊಳ್ಳುತ್ತದೆ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದರೆ "ಸರ್, ಡೆಡ್‌ಝೋನ್ ಜಾಸ್ತಿ ಮಾಡಿ, ಸರಿಹೋಗುತ್ತೆ" ಅಂದರು. ಇದು ಉತ್ತರವೇ ಅಲ್ಲ. ಡೆಡ್‌ಝೋನ್ ಇರುವುದು ನಡುವೆ ನಿಂತ ಸ್ಟಿಕ್ ಸೊನ್ನೆಯ ಅಕ್ಕಪಕ್ಕ ತೋರಿಸುವ ಸಣ್ಣ ಅಂಕಿಗಳನ್ನು ಲೆಕ್ಕಕ್ಕೆ ತಗೊಳ್ಳದಿರೋಕೆ. ವಿಂಡೋಸ್‌ನಲ್ಲಿ ಗೇಮ್‌ಪ್ಯಾಡ್ ಓದುವ ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್‌ನಲ್ಲಿ ಎಡ ಸ್ಟಿಕ್‌ಗೆ ಅದು 7849. ಅಂದರೆ ಸ್ಟಿಕ್ ಕೊನೆತನಕ ತಳ್ಳಿದಾಗ ಬರುವ 32767ರಲ್ಲಿ ಹೆಚ್ಚುಕಡಿಮೆ ಕಾಲು ಭಾಗ. -1.0 ಅನ್ನು ಅಡಗಿಸಬೇಕಾದರೆ ಸ್ಟಿಕ್ಕಿನ ಇಡೀ ಚಲನೆಯನ್ನೇ ಬಿಡಬೇಕು. ಆಮೇಲೆ ಆಡೋದು ಹೇಗೆ?

"ಹಾಗಾದರೆ ಮ್ಯಾಪಿಂಗ್ ಬದಲಿಸಿ" ಅಂದರು ಇನ್ನೊಬ್ಬರು. ಮ್ಯಾಪಿಂಗ್ ಅಂದರೆ ಯಾವ ಆಕ್ಸಿಸ್, ಯಾವ ಬಟನ್ ಯಾವುದಕ್ಕೆ ಅನ್ನುವ ಪಟ್ಟಿ. ನಿಜವಾದ ತೊಂದರೆ ಇರುವುದೇ ಇಲ್ಲಿ. ಎರಡೂ ಪ್ಯಾಡ್‌ಗಳು ಕಂಪ್ಯೂಟರ್‌ಗೆ ಹೇಳುವ ವೆಂಡರ್ ಐಡಿ (ಕಂಪನಿಯ ಸಂಖ್ಯೆ), ಪ್ರಾಡಕ್ಟ್ ಐಡಿ (ಮಾಡೆಲ್‌ನ ಸಂಖ್ಯೆ), ವರ್ಷನ್ ನಂಬರ್ ಎಲ್ಲ ಒಂದೇ. ಹೆಸರೂ ಅದೇ. ಪೈಗೇಮ್‌ನ ಅಡಿಯಲ್ಲಿರುವ ಎಸ್‌ಡಿಎಲ್ ಅನ್ನುವ ಸಾಫ್ಟ್‌ವೇರ್ ಇಂಥವನ್ನೇ ನೋಡಿ ಪ್ಯಾಡ್‌ಗೊಂದು ಗುರುತು ಕೊಡುತ್ತದೆ, ಆ ಗುರುತಿನ ಮೇಲೆ ಮ್ಯಾಪಿಂಗ್ ಹುಡುಕುತ್ತದೆ. ಗುರುತು ಒಂದೇ ಆದಾಗ ಮ್ಯಾಪಿಂಗೂ ಒಂದೇ ಅಲ್ವಾ? ಹೊಸದಕ್ಕೆ ಸರಿಮಾಡಿದರೆ ಹಳೆಯದು ಕೆಡುತ್ತದೆ. ನನ್ನ ಆಟ ಇಳಿಸಿಕೊಂಡವರ ಮನೆಯಲ್ಲಿ ಇವೆರಡರಲ್ಲಿ ಯಾವುದಿದೆ ಅಂತ ಕೋಡ್‌ಗೆ ತಿಳಿಯುವುದೇ ಇಲ್ಲ. ಬಟನ್ ಹೊಂದಿಸಿಕೊಳ್ಳುವ ಪುಟ ಆಟದಲ್ಲಿ ಇಟ್ಟಿದ್ದೇನೆ, ನಿಜ. ಆದರೆ ಆಡೋಕೆ ಕೂತ ಹುಡುಗ ಆ ಪುಟ ಹುಡುಕುವ ಮೊದಲೇ ಆಟ ಸರಿಯಿಲ್ಲ ಅಂತ ಮುಚ್ಚಿಬಿಡುತ್ತಾನೆ. ಬೈಗುಳ ಬರೋದು ನನಗೆ.

ಪ್ಯಾಡಿನ ಒಳಗಿನ ಸರ್ಕ್ಯೂಟ್ ಬೋರ್ಡ್ ಬದಲಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಬಿಡಿಭಾಗ ಸಿಗದಿದ್ದರೆ ಯಾರಾದರೂ ಬದಲಿಸಲೇಬೇಕಾಗುತ್ತದೆ. ಆಗ ಪ್ರಾಡಕ್ಟ್ ಐಡಿಯನ್ನೂ ಬದಲಿಸಿ, ಕೊನೇಪಕ್ಷ ವರ್ಷನ್ ನಂಬರನ್ನಾದರೂ.

ದಯವಿಟ್ಟು ಹೊಸ ಪ್ಯಾಡ್ ವಾಪಸ್ ತಗೊಂಡು ಹಳೆಯದರಂತೆ ಕೆಲಸ ಮಾಡುವುದನ್ನು ಕೊಡಿ, ಇಲ್ಲವೇ ದುಡ್ಡು ಹಿಂತಿರುಗಿಸಿ. ಈಗಾಗಲೇ ಮಾರಿರುವ ಹೊಸ ಬೋರ್ಡಿನ ಪ್ಯಾಡ್‌ಗಳಿಗೆ ಐಡಿ ಬದಲಿಸುವ ಫರ್ಮ್‌ವೇರ್ (ಪ್ಯಾಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಿಡಿ. ಯಾವ ಸೀರಿಯಲ್ ನಂಬರಿನಿಂದ ಆಕ್ಸಿಸ್ ಕ್ರಮ ಬದಲಾಗಿದೆ ಅಂತಲೂ ತಿಳಿಸಿ. 15 ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ.

ಎರಡೂ ಬಿಲ್, ಸೀರಿಯಲ್ ನಂಬರ್ ಮತ್ತು ಅಂಕಿಗಳು ಕಾಣುವ ವಿಡಿಯೋ ಲಗತ್ತಿಸಿದ್ದೇನೆ.

ಇತಿ,
ನಿಮ್ಮ ಗ್ರಾಹಕ
ಮೈಸೂರು